ಮುಂಗಡ ಕೈಸೇರುವ ಮುಂಚೆಯೇ ಹೋಗಬೇಕು

ಹೊಲದ ಕೂಲಿಗೆ ಹೋಗುವ ಮಕ್ಕಳನ್ನು ಶಾಲೆಯಲ್ಲಿ ನಿಲ್ಲಿಸುವುದು ನನ್ನ ಕೆಲಸ. "ಮಕ್ಕಳನ್ನು ದುಡಿಸಬೇಡಿ" ಅಂತ ಸುಮ್ನೆ ಮನೆಮನೆಗೆ ಹೇಳುತ್ತಾ ಹೋದರೆ ಎಲ್ಲರೂ ತಲೆಯಾಡಿಸುತ್ತಾರೆ. ಮರುದಿನ ಮಗು ಹೊಲದಲ್ಲೇ ಇರುತ್ತದೆ. ಅದಕ್ಕೇ ನಾನು ಮೊದಲು ತೆರೆಯುವುದು ಶಾಲೆಯ ಹಾಜರಿ ಪುಸ್ತಕ. ಯಾವ ಬೆಳೆಗೆ ಯಾವಾಗ ಆಳು ಬೇಕು ಅನ್ನುವುದನ್ನೂ ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ.

ಎರಡನ್ನೂ ಒಟ್ಟಿಗೆ ನೋಡಿದರೆ ತಿಳಿದುಬಿಡುತ್ತದೆ. ಹತ್ತಿ ಬೀಜದ ಹೊಲದಲ್ಲಿ ಕ್ರಾಸಿಂಗ್, ಅಂದರೆ ಎರಡು ತಳಿ ಸೇರಿಸಿ ಬೀಜ ಮಾಡುವ ಕೆಲಸ, ಶುರುವಾದ ಕೂಡಲೇ ಹುಡುಗಿಯರ ಗೈರು ಜಾಸ್ತಿಯಾಗುತ್ತದೆ. ಸಂಜೆ ಮೊಗ್ಗು ಬಿಡಿಸಿ ಒಳಗಿನ ಗಂಡು ಭಾಗ ತೆಗೆಯಬೇಕು. ಬೆಳಿಗ್ಗೆ ಇನ್ನೊಂದು ತಳಿಯ ಹೂವಿನ ಪರಾಗ ಮುಟ್ಟಿಸಬೇಕು. ಹೀಗೇ ವಾರಗಟ್ಟಲೆ, ಒಂದೊಂದೇ ಮೊಗ್ಗು. ಇದಕ್ಕೆ ಪುಟ್ಟ ಬೆರಳೇ ಬೇಕು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ದೊಡ್ಡವರೂ ಇದನ್ನು ಚೆನ್ನಾಗಿ ಮಾಡುತ್ತಾರೆ. ಮಕ್ಕಳಿಗೆ ಕೂಲಿ ಕಡಿಮೆ ಕೊಟ್ಟರೂ ನಡೆಯುತ್ತದೆ, ಅವರು ಎದುರು ಮಾತಾಡುವುದಿಲ್ಲ. ಕಾರಣ ಅದೇ ಅಲ್ವಾ?

ಆದರೆ ಕ್ರಾಸಿಂಗ್ ಹೊತ್ತಿಗೆ ಮನೆ ಬಾಗಿಲು ತಟ್ಟಿದರೆ ತಡವಾಗಿರುತ್ತದೆ. ತಿಂಗಳುಗಳ ಮುಂಚೆಯೇ, ಕೈ ಬರಿದಾದ ದಿನಗಳಲ್ಲಿ, ಮನೆಯವರು ಕೂಲಿಯಾಳು ಒದಗಿಸುವ ಮೇಸ್ತ್ರಿಯಿಂದ ಮುಂಗಡ ತಗೊಂಡಿರುತ್ತಾರೆ. ಆ ಸಾಲ ತೀರಿಸುವುದಕ್ಕೆ ಮಗು ಹೋಗುತ್ತದೆ. ಹಾಗಾಗಿ ಬಿತ್ತನೆಗೂ ಮುಂಚೆ ಅಮ್ಮಂದಿರನ್ನು ಕೂರಿಸಿ ಮಾತಾಡುತ್ತೇವೆ. ಆಗ ಬೇಕಾದ ದುಡ್ಡು ಮಹಿಳಾ ಸಂಘದ ಸಾಲದಿಂದ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಹೊಲದವರ ಹತ್ತಿರವೂ ಆಗಲೇ ಹೋಗಿ, ದೊಡ್ಡವರ ಗುಂಪಿಗೇ ಕೆಲಸ ಕೊಡಿ, ದಿನಗೂಲಿ ಲೆಕ್ಕ ಇಡಿ ಅಂತ ಕೇಳುತ್ತೇವೆ. ಕೆಜಿ ಲೆಕ್ಕದಲ್ಲಿ ಕೂಲಿ ಕೊಟ್ಟರೆ ತೂಕ ಹೆಚ್ಚಿಸಲು ಇಡೀ ಮನೆಯೇ ಹೊಲಕ್ಕಿಳಿಯುತ್ತದೆ.

ಇನ್ನು ಕೂಲಿ ಪಟ್ಟಿಯಲ್ಲಿ ಹೆಸರೇ ಇಲ್ಲದ ಹುಡುಗಿಯರಿದ್ದಾರೆ. ಅಮ್ಮ ಕಳೆ ಕೀಳಲು ಹೋದಾಗ ತಮ್ಮನನ್ನು ಎತ್ತಿಕೊಂಡು ಬದುವಿನ ಮೇಲೆ ಕೂರುವವರು. ಇವರಿಗೆ ಬುದ್ಧಿಮಾತಿನಿಂದ ಪ್ರಯೋಜನವಿಲ್ಲ, ಬೇಕಾದದ್ದು ಕೂಸಿನ ಮನೆ, ಅಂದರೆ ಅಮ್ಮ ಕೂಲಿಗೆ ಹೋದಾಗ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಜಾಗ. ಅಮ್ಮ ಹೊಲಕ್ಕೆ ಹೊರಡುವ ಹೊತ್ತಿಗೇ ಅದರ ಬಾಗಿಲು ತೆರೆದಿರಬೇಕು.

ಶಾಲೆ ಮುಗಿಸಿ ಬಂದು ಕರುವಿಗೆ ಹುಲ್ಲು ಹಾಕುವ ಮಗುವನ್ನು ನಾನು ತಡೆಯುವುದಿಲ್ಲ. ಔಷಧಿ ಹೊಡೆಯುವ ವಿಷಯದಲ್ಲಿ ಮಾತ್ರ ಮುಲಾಜಿಲ್ಲ. 1999ರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 182ನೇ ಒಪ್ಪಂದದ ಪ್ರಕಾರ ಅಪಾಯದ ಕೆಲಸಕ್ಕೆ 18 ತುಂಬದವರನ್ನು ಹಚ್ಚುವಂತಿಲ್ಲ. ಆಗತಾನೇ ಔಷಧಿ ಹೊಡೆದ ಹೊಲಕ್ಕೂ ಮಕ್ಕಳನ್ನು ಕಳಿಸಬೇಡಿ ಅನ್ನುತ್ತೇನೆ. ಜಗತ್ತಿನಲ್ಲಿ ಸುಮಾರು 13.8 ಕೋಟಿ ಮಕ್ಕಳು ದುಡಿಯುತ್ತಿದ್ದಾರೆ, ಅದರಲ್ಲಿ 61 ಶೇಕಡಾ ಕೃಷಿಯಲ್ಲೇ ಅನ್ನುತ್ತದೆ 2024ರ ಅಂದಾಜು. ಹೊಲದ ಕೆಲಸ ಅಂದರೆ ಹಗುರ ಅಂದುಕೊಳ್ಳುವುದನ್ನು ನಾವು ಬಿಡಬೇಕು.

ವಾಪಸ್ ಬಂದ ಮಗುವನ್ನು ಒಮ್ಮೆಲೇ ತರಗತಿಯಲ್ಲಿ ಕೂರಿಸಿದರೆ ಪಾಠ ತಲೆಗೆ ಹತ್ತುವುದಿಲ್ಲ. ನಾಚಿಕೆಯಾಗಿ ಮತ್ತೆ ಹೊಲದ ದಾರಿ ಹಿಡಿಯುತ್ತದೆ. ಅದಕ್ಕೆ ಬಿಟ್ಟುಹೋದ ಪಾಠವನ್ನು ಬೇರೆಯಾಗಿ ಹೇಳಿಕೊಡುತ್ತೇವೆ. ಆಮೇಲೂ ಸುಗ್ಗಿ ಮುಗಿಯುವ ತನಕ ಹಾಜರಿ ನೋಡುತ್ತಲೇ ಇರುತ್ತೇವೆ. ಒಂದು ದಿನ ಬರದಿದ್ದರೂ ಅವತ್ತು ಸಂಜೆಯೇ ಮನೆಗೆ ಹೋಗಿ ವಿಚಾರಿಸುತ್ತೇವೆ.