ವಿಮಾನದ ಕೈಚೀಲದಲ್ಲಿ ಕಸೂತಿ, ಹೆಣಿಗೆ: ಏನು ಒಯ್ಯಬೇಕು, ಏನು ಬಿಡಬೇಕು

ಸೂಜಿ ದಾರವನ್ನು ವಿಮಾನದೊಳಗೆ ಒಯ್ಯಲು ಬಹುತೇಕ ಕಡೆ ಅಡ್ಡಿಯಿಲ್ಲ. ತೊಡಕು ಬರುವುದು ಕತ್ತರಿಯಿಂದ. ಅಮೆರಿಕದ ವಿಮಾನ ಪ್ರಯಾಣ ಭದ್ರತಾ ಸಂಸ್ಥೆಯಾದ ಟಿಎಸ್‌ಎ ಹೊಲಿಗೆ ಸೂಜಿಯನ್ನೂ ಹೆಣಿಗೆ ಕಡ್ಡಿಯನ್ನೂ ಕೈಚೀಲದಲ್ಲಿ ಬಿಡುತ್ತದೆ. ಕತ್ತರಿಯಾದರೆ ಎರಡು ಅಲಗು ಸೇರುವ ಸ್ಕ್ರೂವಿನಿಂದ ತುದಿಯವರೆಗೆ 4 ಇಂಚಿಗಿಂತ ಕಡಿಮೆ ಇರಬೇಕು. ಬ್ರಿಟನ್, ಯುರೋಪಿಯನ್ ಒಕ್ಕೂಟ ಮತ್ತು ಕೆನಡಾದಲ್ಲಿ ಈ ಮಿತಿ 6 ಸೆಂ.ಮೀ. ಭಾರತದ ಏರ್‌ಲೈನ್‌ಗಳಾದರೋ ಕ್ಯಾಬಿನ್‌ಗೆ ತರಬಾರದ ವಸ್ತುಗಳ ಪಟ್ಟಿಯಲ್ಲಿ ಚಾಕು, ಬ್ಲೇಡಿನ ಜೊತೆ ಕತ್ತರಿಯನ್ನೂ ಸೇರಿಸಿರುತ್ತವೆ. ಎಲ್ಲ ಕಡೆಗೂ ಅನ್ವಯಿಸುವ ಮಾತು ಒಂದಿದೆ: ಪಟ್ಟಿಯಲ್ಲಿ ಏನೇ ಬರೆದಿರಲಿ, ತಪಾಸಣೆಯ ಬೆಲ್ಟಿನ ಪಕ್ಕ ನಿಂತಿರುವ ಸಿಬ್ಬಂದಿಯ ತೀರ್ಮಾನವೇ ಅಂತಿಮ.

ಆದ್ದರಿಂದ ಚೀಲ ತುಂಬುವಾಗ ಪ್ರತಿ ಸಾಮಾನಿಗೂ ಒಂದು ಪ್ರಶ್ನೆ ಹಾಕಿಕೊಳ್ಳಿ. ಇದನ್ನು ಅವರು ತೆಗೆದಿಟ್ಟುಕೊಂಡರೆ ನನ್ನ ಕೆಲಸ ನಿಲ್ಲುತ್ತದೆಯೇ, ಕೆಡುತ್ತದೆಯೇ? ಹೌದಾದರೆ ಅದು ಚೆಕ್-ಇನ್ ಪೆಟ್ಟಿಗೆಗೆ ಹೋಗಬೇಕು, ಇಲ್ಲವೇ ಅದಿಲ್ಲದೆಯೂ ನಡೆಯುವಂತೆ ಕೆಲಸವನ್ನೇ ಮೊದಲು ಸಜ್ಜು ಮಾಡಿಕೊಳ್ಳಬೇಕು. ಅಜ್ಜಿಯ ಕಾಲದ ಕತ್ತರಿ, ಉಡುಗೊರೆ ಬಂದ ದುಬಾರಿ ಕಡ್ಡಿ ಇವನ್ನೆಲ್ಲ ಮನೆಯಲ್ಲೇ ಬಿಡಿ.

ಕತ್ತರಿ ಇಲ್ಲದೆ ಕೆಲಸ

ದಾರವನ್ನು ಮನೆಯಲ್ಲೇ ಕತ್ತರಿಸಿಟ್ಟುಕೊಂಡರೆ ವಿಮಾನದಲ್ಲಿ ಕತ್ತರಿಯ ಅಗತ್ಯವೇ ಬೀಳುವುದಿಲ್ಲ. ಆಂಕರ್ ಕಾಟನ್ ದಾರದ ಒಂದು ಲಡಿಯಲ್ಲಿ 8 ಮೀಟರ್ ಇರುತ್ತದೆ, 6 ಎಳೆ. 45 ಸೆಂ.ಮೀ.ಯಂತೆ ತುಂಡು ಮಾಡಿದರೆ 17 ತುಂಡು ಸಿಗುತ್ತವೆ. ಎರಡೆರಡು ಎಳೆ ಬಿಡಿಸಿಕೊಂಡರೆ 51. ದಪ್ಪ ರಟ್ಟಿನಲ್ಲಿ ತೂತು ಹೊಡೆದು ಒಂದೊಂದು ಬಣ್ಣವನ್ನು ಒಂದೊಂದು ತೂತಿಗೆ ಕುಣಿಕೆ ಹಾಕಿ, ಪಕ್ಕದಲ್ಲಿ ಬಣ್ಣದ ನಂಬರ್ ಬರೆದಿಡಿ. ಕ್ಯಾಬಿನ್ನಿನ ಹಳದಿ ಬೆಳಕಿನಲ್ಲಿ ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ಗೊತ್ತಾಗದು, ಆಗ ನಂಬರೇ ದಿಕ್ಕು. 45 ಸೆಂ.ಮೀ.ಗಿಂತ ಉದ್ದ ಬೇಡ. ಸಿಕ್ಕು ಬೀಳುವುದು ಒಂದು ಕಾರಣ. ದಾರ ಎಳೆಯುವಾಗ ಮೊಣಕೈ ಪಕ್ಕದ ಸೀಟಿಗೆ ಹೋಗುವುದು ಇನ್ನೊಂದು.

ಮುಗಿದ ದಾರದ ತುದಿಯನ್ನು 5 ಸೆಂ.ಮೀ. ಹಾಗೇ ಬಿಟ್ಟು, ಊರು ತಲುಪಿದ ಮೇಲೆ ಕತ್ತರಿಸಿ. ಕತ್ತರಿಸಲೇಬೇಕು ಎಂದಾದರೆ ಹಲ್ಲು ಸ್ವಚ್ಛಗೊಳಿಸುವ ಡೆಂಟಲ್ ಫ್ಲಾಸಿನ ಡಬ್ಬಿ ತನ್ನಿ. ಅದರ ಪುಟ್ಟ ಲೋಹದ ಹಲ್ಲಿಗೆ ಕಾಟನ್ ದಾರ ಸಲೀಸಾಗಿ ತುಂಡಾಗುತ್ತದೆ. ಕೊರಳಿಗೆ ಹಾಕಿಕೊಳ್ಳುವ ಪದಕದಂಥ ದಾರ ಕಟರ್ ನೋಡಲು ನಿರಪಾಯ, ಆದರೆ ಒಳಗೆ ದುಂಡನೆಯ ಬ್ಲೇಡ್ ಇರುವುದರಿಂದ ಅಮೆರಿಕದಲ್ಲಿ ಅದನ್ನು ಕ್ಯಾಬಿನ್‌ಗೆ ಬಿಡುವುದಿಲ್ಲ. ಜರಿ ಅಥವಾ ರಿಬ್ಬನ್ನಿನ ತುದಿ ಸುಟ್ಟು ಮುಚ್ಚುವ ಲೈಟರನ್ನು ಭಾರತದಲ್ಲಿ ಕೈಚೀಲಕ್ಕೂ ಹಾಕುವಂತಿಲ್ಲ, ಪೆಟ್ಟಿಗೆಗೂ ಹಾಕುವಂತಿಲ್ಲ.

ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು ನಮ್ಮ ಧಾರವಾಡ ಕಡೆಯ ಕಸೂತಿ. ಎಳೆ ಎಣಿಸಿ ಹಾಕುವ ಕೆಲಸವಾದ್ದರಿಂದ ನಕ್ಷೆ ಗೀಚುವ ಪೆನ್ನು ಬೇಡ, ಗಂಟು ಹಾಕುವುದಿಲ್ಲ, ಚೂಪು ಮೊನೆಯ ಸೂಜಿಯೂ ಬೇಡ. ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆಗೆ 24 ಅಥವಾ 26ನೇ ನಂಬರಿನ ಮೊಂಡು ಮೊನೆಯ ಟ್ಯಾಪೆಸ್ಟ್ರಿ ಸೂಜಿ ಸಾಕು; ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ಕಸೂತಿಯ ನಾಲ್ಕು ಬಗೆಯ ಹೊಲಿಗೆಗಳಲ್ಲಿ ವಿಮಾನಕ್ಕೆ ಗವಂತಿಯೇ ಉತ್ತಮ. ಹೋಗುತ್ತಾ ಒಂದು ಬಿಟ್ಟು ಒಂದು ಹೊಲಿಗೆ ಹಾಕಿ, ಬರುತ್ತಾ ಖಾಲಿ ಜಾಗ ತುಂಬುವುದರಿಂದ ಎರಡೂ ಬದಿ ಒಂದೇ ಥರ ಬರುತ್ತದೆ. ದಾರದ ಲೆಕ್ಕವೂ ಸುಲಭ: ಗೆರೆಯ ಉದ್ದದ ಎರಡರಷ್ಟು, ಜೊತೆಗೆ ಎರಡು ತುದಿಗೆ ಬಿಡುವ ಬಾಲ. 45 ಸೆಂ.ಮೀ. ದಾರದಲ್ಲಿ ಸುಮಾರು 15-16 ಸೆಂ.ಮೀ. ಗೆರೆ ನಿಶ್ಚಿಂತೆಯಿಂದ ಮುಗಿಯುತ್ತದೆ. ಅದಕ್ಕಿಂತ ದೂರ ಹೋದರೆ ಮರಳುವ ದಾರಿಯಲ್ಲಿ ದಾರ ಸಾಲದೆ ನಡುವೆ ಜೋಡಿಸಬೇಕಾಗುತ್ತದೆ, ಆ ಜೋಡಣೆ ಹಿಂಬದಿಯಲ್ಲಿ ಕಾಣುತ್ತದೆ. ಚಂದ್ರಕಾಳಿ ಸೀರೆಯ ಕಪ್ಪಿನ ಮೇಲೆ ಕಸೂತಿ ಎಷ್ಟೇ ಚೆಂದವಿರಲಿ, ರಾತ್ರಿ ವಿಮಾನಕ್ಕೆ ಕಪ್ಪು ಬಟ್ಟೆ ತರಬೇಡಿ. ಆ ಬೆಳಕಿನಲ್ಲಿ ಎಳೆ ಎಣಿಸಲಾಗದೆ, ಒಂದು ಎಳೆ ತಪ್ಪಿದ ನಕ್ಷೆಯನ್ನು ಮರುದಿನ ಪೂರ್ತಿ ಬಿಚ್ಚಬೇಕಾದೀತು.

ಹೆಣಿಗೆಯವರಿಗೆ

35 ಸೆಂ.ಮೀ. ಉದ್ದದ ಸ್ಟೀಲ್ ಕಡ್ಡಿ ಬೇಡ. ಬಿದಿರು ಅಥವಾ ಪ್ಲಾಸ್ಟಿಕ್ಕಿನ, ಕೇಬಲ್ ಇರುವ ಸರ್ಕ್ಯುಲರ್ ಕಡ್ಡಿ ತನ್ನಿ. ಮೊಣಕೈ ಒಳಗೇ ಇರುತ್ತದೆ, ಕೈಜಾರಿದರೆ ಸೀಟಿನಡಿ ಉರುಳಿ ಹೋಗುವುದಿಲ್ಲ, ತಪಾಸಣೆಯಲ್ಲೂ ಕಣ್ಣು ಕುಕ್ಕುವುದಿಲ್ಲ.

ಕಡ್ಡಿ ಹೋದರೆ ಹೆಣಿಗೆಯೂ ಹೋಗುತ್ತದೆ ಎಂಬುದೇ ಇಲ್ಲಿನ ಭಯ. ಮನೆ ಬಿಡುವ ಮೊದಲು ಕಡ್ಡಿಯ ಮೇಲಿರುವ ಎಲ್ಲ ಕುಣಿಕೆಗಳೊಳಗೆ ಮೊಂಡು ಸೂಜಿಯಿಂದ ನಯವಾದ ಕಾಟನ್ ದಾರ ಪೋಣಿಸಿ, ಎರಡೂ ತುದಿ ಉದ್ದ ಬಿಟ್ಟು ಸಡಿಲವಾಗಿ ಕಟ್ಟಿ. ಉಲ್ಲನ್ ಪೋಣಿಸಿದರೆ ಅಂಟಿಕೊಂಡು ಎಳೆಯುವಾಗ ಜಗ್ಗುತ್ತದೆ. ತುದಿ ಬಿಚ್ಚುವ ಕಡ್ಡಿಯಾಗಿದ್ದರೆ ಇನ್ನೂ ಸುಲಭ: ಎರಡೂ ತುದಿ ಬಿಚ್ಚಿ ಕೇಬಲ್ಲಿಗೆ ಬಿರಡೆ ಹಾಕಿ, ವಿಮಾನದಲ್ಲಿ ಕೂತ ಮೇಲೆ ಮತ್ತೆ ತಿರುಗಿಸಿ. ಕ್ರೋಶಾದವರಿಗೆ ಈ ಚಿಂತೆಯಿಲ್ಲ. ಕಡ್ಡಿ ಹೋದರೂ ಬಿಚ್ಚಿಕೊಳ್ಳುವುದು ಒಂದೇ ಕುಣಿಕೆ, ಅದಕ್ಕೊಂದು ಪಿನ್ ಸಾಕು.

ಚೆಕ್-ಇನ್‌ಗೆ ಹೋಗಬೇಕಾದ್ದು

ಆರಿ ಸೂಜಿ ಅಲ್ಲಿಗೇ ಹೋಗಲಿ. ಮರದ ಹಿಡಿಗೆ ಸಿಕ್ಕಿಸಿದ ಚೂಪಾದ ಕೊಕ್ಕೆ ಎಕ್ಸ್‌ರೇಯಲ್ಲಿ ದಬ್ಬಳದಂತೆ ಕಾಣುತ್ತದೆ. ಹೊಲಿಗೆ ಬಿಚ್ಚುವ ರಿಪ್ಪರ್, ಚಕ್ರದಂಥ ಬ್ಲೇಡಿನ ರೋಟರಿ ಕಟರ್, ಅದರ ಬಿಡಿ ಬ್ಲೇಡ್, ದೊಡ್ಡ ಕತ್ತರಿ ಕೂಡ ಅಲ್ಲಿಗೇ. ಚೂಪು ತುದಿಗೆ ಕಾರ್ಕ್ ಚುಚ್ಚಿ, ಬಟ್ಟೆ ಸುತ್ತಿ, ಟೇಪ್ ಹಾಕಿ. ಪೆಟ್ಟಿಗೆ ತೆರೆದು ನೋಡುವವರ ಕೈಗೆ ಗಾಯವಾಗಬಾರದು. ಉರಿಯುವ ಗ್ಯಾಸ್ ಇರುವ ಅಂಟಿನ ಸ್ಪ್ರೇ ಎಲ್ಲಿಯೂ ಬೇಡ. ಬಟ್ಟೆ ಅಂಟು ಕೈಚೀಲದಲ್ಲೇ ಬೇಕೆಂದರೆ, ಅಂತಾರಾಷ್ಟ್ರೀಯ ವಿಮಾನಕ್ಕೆ 100 ಮಿ.ಲೀ. ಮೀರದ ಬಾಟಲಿ, ಮೇಲೇರಿದಂತೆ ಕ್ಯಾಬಿನ್ನಿನ ಒತ್ತಡ ಇಳಿದು ಮುಚ್ಚಳದಿಂದ ಜಿನುಗುವುದರಿಂದ ಜಿಪ್ ಕವರಿನೊಳಗಿಡಿ. ಕೊರಳಿಗೆ ಹಾಕುವ ಚಾರ್ಜಿಂಗ್ ದೀಪ ಕೈಚೀಲದಲ್ಲಿರಲಿ. ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಯನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕಲೇಬಾರದು.

ಬೆಲ್ಟಿನ ಹತ್ತಿರ

ಸ್ಟೀಲ್ ಡಬ್ಬಿ, ಬಿಸ್ಕತ್ತಿನ ತಗಡಿನ ಡಬ್ಬಿ ಬೇಡ. ಒಳಗೇನಿದೆ ಎಂದು ಎಕ್ಸ್‌ರೇಯಲ್ಲಿ ತಿಳಿಯದೆ ಚೀಲ ತೆರೆಸುತ್ತಾರೆ. ಪಾರದರ್ಶಕ ಜಿಪ್ ಪೌಚು ಚೀಲದ ಮೇಲ್ಭಾಗದಲ್ಲೇ ಇರಲಿ. ಎರಡು ಮೂರು ಸೂಜಿ ಸಾಕು, ಇಡೀ ಪ್ಯಾಕೆಟ್ ಬೇಡ. ಅವನ್ನು ಅರ್ಧ ಮುಗಿದ ಬಟ್ಟೆಗೇ ಚುಚ್ಚಿಡಿ. ಬಿಡಿ ಸೂಜಿ ಅನುಮಾನ ಹುಟ್ಟಿಸುತ್ತದೆ, ಕಸೂತಿಯೊಳಗಿನ ಸೂಜಿ ತಾನೇ ಉತ್ತರ ಹೇಳುತ್ತದೆ. ಕೇಳಿದರೆ "ಕಸೂತಿ ಸಾಮಾನು" ಎಂದು ಬಟ್ಟೆ ಬಿಡಿಸಿ ತೋರಿಸಿ. ವಾದ ಬೇಡ. ಬೇಡವೆಂದ ವಸ್ತು ಬೆಲೆಯುಳ್ಳದ್ದಾದರೆ, ಏರ್‌ಲೈನ್ ಕೌಂಟರಿಗೆ ಹಿಂದಿರುಗಿ ಚೆಕ್-ಇನ್ ಮಾಡಬಹುದೇ ಎಂದು ಕೇಳಿ. ಕೌಂಟರ್ ಮುಚ್ಚುವ ಹೊತ್ತಿಗೆ ಬಂದಿದ್ದರೆ ಅದೂ ಆಗದು. ಆದ್ದರಿಂದ ಅರ್ಧ ಗಂಟೆ ಮುಂಚೆ ಬನ್ನಿ.

ದುಬೈ, ದೋಹಾ, ಫ್ರಾಂಕ್‌ಫರ್ಟ್ ಮೂಲಕ ಹೋಗುವವರು ಅಲ್ಲಿಯೂ ಮತ್ತೆ ತಪಾಸಣೆಗೆ ಒಳಗಾಗುತ್ತಾರೆ. ದಾರಿಯಲ್ಲಿ ಅತಿ ಬಿಗಿಯಾದ ನಿಲ್ದಾಣ ಯಾವುದೋ ಅದಕ್ಕೆ ತಕ್ಕಂತೆ ಚೀಲ ಕಟ್ಟಿ. ಅಮೆರಿಕದಿಂದ ಬರುವಾಗ ಸಲೀಸಾಗಿ ಬಂದ ಪುಟ್ಟ ಕತ್ತರಿ, ಬೆಂಗಳೂರಿನಿಂದ ಮರಳುವಾಗ ಟ್ರೇಯಲ್ಲೇ ಉಳಿಯಬಹುದು.

ಒಳಗೆ ಕೂತ ಮೇಲೆ ಬಟ್ಟೆ ಬಿಗಿಯಲು 5 ಇಂಚಿನ ಕಸೂತಿ ರಿಂಗ್ ಸಾಕು, 8 ಇಂಚಿನದು ಟ್ರೇ ಮೇಜಿಗೂ ಹೊಟ್ಟೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಮಣಿ, ಚಮಕಿ ಕೆಲಸ ವಿಮಾನಕ್ಕಲ್ಲ. ಒಂದು ಕುಲುಕಿಗೆ ಎಲ್ಲ ನೆಲದ ಪಾಲು. ಏರುವಾಗ, ಇಳಿಯುವಾಗ, ಬೆಲ್ಟ್ ಹಾಕಿಕೊಳ್ಳುವ ಸೂಚನೆ ಬೆಳಗಿದಾಗ ಸೂಜಿಯನ್ನು ಬಟ್ಟೆಗೆ ಎರಡು ಸಲ ಚುಚ್ಚಿ ಒಳಗಿಡಿ. ಸೀಟು ಬಿಡುವ ಮೊದಲು ಸೂಜಿ ಎಣಿಸಿ. ಒಂದು ಕಡಿಮೆಯಾದರೆ ಮೊಬೈಲಿನ ಟಾರ್ಚ್ ಹಾಕಿ ಸೀಟಿನ ಸಂದಿ ನೋಡಿ. ಆಗಲೂ ಸಿಗದಿದ್ದರೆ ಕ್ಯಾಬಿನ್ ಸಿಬ್ಬಂದಿಗೆ ಸೀಟಿನ ನಂಬರ್ ಸಮೇತ ಹೇಳಿ ಇಳಿಯಿರಿ.