ಅಣ್ಣನಾ ತಮ್ಮನಾ ಸರಿಯಾಗಿ ಹೇಳು: ಅಮ್ಮನ ಜೊತೆ ಚೈನೀಸ್ ಐತಿಹಾಸಿಕ ಸೀರಿಯಲ್ ನೋಡಿದ ನನ್ನ ಅನುಭವ

ಚೀನಾದ ರಾಜಮಹಾರಾಜರ ಕಾಲದ ಸೀರಿಯಲ್ಲು ನೋಡೋಕೆ ಶುರು ಮಾಡಿ ಅರ್ಧಕ್ಕೇ ಬಿಟ್ಟೋರು ತುಂಬ ಜನ ಇದಾರೆ, ನಾನೂ ಬಿಟ್ಟಿದ್ದೆ. ನಿರ್ವಾಣ ಇನ್ ಫೈರ್ ಅಂತ 2015ರದ್ದು, 54 ಎಪಿಸೋಡು, ಎಲ್ಲರೂ ಚೆನ್ನಾಗಿದೆ ಅಂತಿದ್ರು, ಆದ್ರೆ ಆರನೇ ಎಪಿಸೋಡಿಗೆ ಬರೋಷ್ಟರಲ್ಲಿ ಯಾರು ಯಾರಿಗೆ ಏನಾಗ್ಬೇಕು ಅನ್ನೋದೇ ಗೊತ್ತಾಗ್ದೆ ಕೈಬಿಟ್ಟೆ. ಎಲ್ಲರ ತಲೆ ಮೇಲೂ ಒಂದೇ ಥರ ಜಡೆಗಂಟು, ಹೆಸರುಗಳೆಲ್ಲ ಒಂದೇ ಥರ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಓಡ್ತಾ ಇರುತ್ತೆ, ಅದ್ರಲ್ಲಿ ನೋಡಿದ್ರೆ ಎಲ್ಲರೂ ಬ್ರದರ್ರು, ಎಲ್ಲರೂ ಕಸಿನ್ನು, ಎಲ್ಲರೂ ಅಂಕಲ್ಲು.

ಆಮೇಲೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರ್ಕೊಂಡ್ರು. ಆರು ವಾರ ಪ್ಲಾಸ್ಟರು, ಹಾಲ್‌ನಲ್ಲೇ ಮಂಚ ಹಾಕಿದ್ವಿ, ಟಿವಿ ಎದುರಿಗೇ. ಮಾಮೂಲಿ ಸೀರಿಯಲ್ ಎಲ್ಲ ನೋಡಿ ಬೇಜಾರಾಗಿ "ಅದೇನೋ ಚೀನಾದ್ದು ನೋಡ್ತಿದ್ಯಲ್ಲ, ಸೀರೆ ಥರ ಬಟ್ಟೆ, ಅದನ್ನ ಹಾಕೇ" ಅಂದ್ರು. ಅಮ್ಮಂಗೆ ಅಷ್ಟು ಸ್ಪೀಡಲ್ಲಿ ಇಂಗ್ಲಿಷ್ ಓದೋಕಾಗಲ್ಲ, ಹಾಗಾಗಿ ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳ್ತಾ ಹೋಗ್ಬೇಕು. ಯೂಟ್ಯೂಬಲ್ಲಿ ಫ್ರೀಯಾಗಿ ಸಿಕ್ಕಿದ್ದರಲ್ಲಿ ದಿನಕ್ಕೆ ಎರಡು ಎಪಿಸೋಡು ಅಂತ ಮಾಡ್ಕೊಂಡ್ವಿ.

ಮೊದಲು ಹಾಕಿದ್ದು ಸ್ಟೋರಿ ಆಫ್ ಯಾನ್‌ಶಿ ಪ್ಯಾಲೆಸ್, 2018ರಲ್ಲಿ ಬಂದಿದ್ದು, 70 ಎಪಿಸೋಡು. ಚ್ಯಾನ್‌ಲಾಂಗ್ ಅನ್ನೋ ದೊರೆ ಕಾಲದ ಕಥೆ, ಅಂದ್ರೆ 1700ರ ದಶಕಗಳು. ನಾಯಕಿ ಯಿಂಗ್‌ಲೋ ಅರಮನೆಗೆ ಕಸೂತಿ ಕೆಲಸಕ್ಕೆ ಸೇರ್ತಾಳೆ, ಯಾಕಂದ್ರೆ ಅವಳ ಸಿಸ್ಟರ್ ಸತ್ತಿದ್ದು ಹೇಗೆ ಅಂತ ಕಂಡುಹಿಡೀಬೇಕು. ನಾನು "ಅವಳ ಒಡಹುಟ್ಟಿದೋಳು ಸತ್ತಿದಾಳಮ್ಮ" ಅಂದೆ. ತಕ್ಷಣ ಅಮ್ಮ, "ಅಕ್ಕನಾ ತಂಗಿನಾ ಸರಿಯಾಗಿ ಹೇಳು, ಅಕ್ಕ ಸತ್ರೆ ಒಂಥರ ಸಂಕಟ, ತಂಗಿ ಸತ್ರೆ ಇನ್ನೊಂಥರ." ನಂಗೆ ಗೊತ್ತಿಲ್ಲ. ಸಬ್‌ಟೈಟಲ್ಲಲ್ಲಿ ಇಲ್ಲ. ವಾಪಸ್ ಹಾಕಿ ಕಿವಿಕೊಟ್ಟು ಕೇಳಿದೆ, ಹುಡುಗಿ "ಜ್ಯೇಜ್ಯೆ" ಅಂತಾಳೆ. ಫೋನಲ್ಲಿ ಹುಡುಕಿದ್ರೆ ಜ್ಯೇಜ್ಯೆ ಅಂದ್ರೆ ಅಕ್ಕ, ಮೇಮೇ ಅಂದ್ರೆ ತಂಗಿ, ಗೆಗ ಅಂದ್ರೆ ಅಣ್ಣ, ದೀದಿ ಅಂದ್ರೆ ತಮ್ಮ. ಹಿಂದೀಲಿ ದೀದಿ ಅಕ್ಕ, ಇವರಿಗೆ ತಮ್ಮ, ಅದೊಂದು ಅಮ್ಮಂಗೆ ಎರಡು ದಿನ ಗೊಂದಲ ಆಯ್ತು.

ಅವತ್ತು ನನಗೆ ಹೊಳೆದಿದ್ದು, ಕನ್ನಡದಲ್ಲಿರೋ ಸಂಬಂಧದ ಪದಗಳು ಚೈನೀಸಲ್ಲೂ ಇವೆ, ಇಂಗ್ಲಿಷಲ್ಲಿ ಮಾತ್ರ ಇಲ್ಲ, ನಾವು ಕನ್ನಡದೋರು ಸುಮ್ಮನೆ ಇಂಗ್ಲಿಷಿನ ಮೂಲಕ ಸುತ್ತಿ ಬಳಸಿ ಹೋಗಿ ಕಳ್ಕೊಳ್ತಾ ಇದೀವಿ. ಅಂಕಲ್ ಅಂತ ಬಂದಾಗ ಕಿವಿಗೆ "ಶೂಶು" ಅಂತ ಬಿದ್ರೆ ಚಿಕ್ಕಪ್ಪ, "ಬೊ" ಅಂತ ಬಿದ್ರೆ ದೊಡ್ಡಪ್ಪ, "ಜ್ಯೂಜ್ಯು" ಅಂದ್ರೆ ಸೋದರಮಾವ. "ಗೂಗು" ಅಂದ್ರೆ ಸೋದರತ್ತೆ, ಆದ್ರೆ ಅರಮನೇಲಿ ಹಿರೀ ದಾಸಿಯರನ್ನೂ ಗೂಗು ಅಂತಾನೇ ಕರೀತಾರೆ, ನಮ್ಮೂರಲ್ಲಿ ಮನೆಕೆಲಸಕ್ಕೆ ಬರೋ ವಯಸ್ಸಾದೋರನ್ನ ಅಜ್ಜಿ ಅಂತೀವಲ್ಲ ಹಾಗೆ. ಅಮ್ಮ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಪೆನ್ಸಿಲಲ್ಲಿ ವಂಶವೃಕ್ಷ ಬರೆಯೋಕೆ ಶುರು ಮಾಡಿದ್ರು. ನನಗೆ ಯಾರಾದ್ರೂ ಕೇಳಿದ್ರೆ ಇದೇ ಹೇಳೋದು, ಹೆಸರು ನೆನಪಿಟ್ಕೊಳಕ್ಕೆ ಒದ್ದಾಡಬೇಡಿ, ಸಂಬಂಧ ಹಿಡ್ಕೊಳ್ಳಿ, ಹೆಸರು ತಾನಾಗೇ ಬರುತ್ತೆ.

ದೊರೆಯ ಹೆಂಡ್ತೀರು ಒಬ್ಬರಿಗೊಬ್ಬರು ಅಕ್ಕ, ತಂಗಿ ಅಂತ ಕರ್ಕೊಳ್ಳೋದನ್ನ ಅಮ್ಮಂಗೆ ವಿವರಿಸಬೇಕಾಗೇ ಇರ್ಲಿಲ್ಲ. "ಸವತೀರು" ಅಂತ ಒಂದೇ ಮಾತಲ್ಲಿ ಮುಗಿಸಿದ್ರು. ಯಿಂಗ್‌ಲೋ ಬಾಯಲ್ಲಿ ಸತ್ತ ಅಕ್ಕನಿಗೂ ಜ್ಯೇಜ್ಯೆ, ವಿಷ ಕಾರೋ ರಾಣಿಯರ ಬಾಯಲ್ಲೂ ಜ್ಯೇಜ್ಯೆ, ಒಂದೇ ಪದ, ದನಿ ಬೇರೆ, ಅದನ್ನ ಕೇಳಿಸ್ಕೊಂಡ್ರೇನೇ ಆ ಸೀರಿಯಲ್ಲಿನ ರುಚಿ. ಇನ್ನೊಂದು "ನಾನು" ಅನ್ನೋದು. ದೊರೆ ತನ್ನನ್ನ "ಜನ್" ಅಂತ ಅಂದ್ಕೋತಾನೆ, ಕ್ರಿಸ್ತಪೂರ್ವ 221ರಲ್ಲಿ ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್ ಆ ಪದವನ್ನ ಚಕ್ರವರ್ತಿಗೆ ಮಾತ್ರ ಅಂತ ಮೀಸಲಿಟ್ಟ, ಬೇರೆ ಯಾರೂ ಹೇಳೋ ಹಾಗಿಲ್ಲ. ರಾಣಿ ಕೆಳಗಿನೋರ ಮುಂದೆ "ಬನ್‌ಗೊಂಗ್", ದಾಸಿ "ನೂಬಿ". ಸಬ್‌ಟೈಟಲ್ಲಲ್ಲಿ ಎಲ್ಲದಕ್ಕೂ ಒಂದೇ ಐ. ನಾನು ದಾಸಿಗೆ "ಈ ಅಡಿಯಾಳು", ದೊರೆಗೆ "ನಾವು" ಅಂತ ಹೇಳೋಕೆ ಶುರು ಮಾಡಿದ ಮೇಲೆ ಅಮ್ಮಂಗೆ ಯಾರು ಯಾರ ಮುಂದೆ ತಗ್ಗಿದ್ರು ಅನ್ನೋದು ಪಟ್ ಅಂತ ಗೊತ್ತಾಗ್ತಿತ್ತು.

ಆದ್ರೆ ಅಮ್ಮನ್ನ ನಿಜವಾಗಿ ಅಲ್ಲಾಡಿಸಿದ್ದು ಸ್ಟೋರಿ ಆಫ್ ಮಿಂಗ್‌ಲಾನ್. ಸಾಂಗ್ ರಾಜವಂಶದ ಕಾಲ, ಅಧಿಕಾರಿಯೊಬ್ಬರ ಮನೆ, ಒಬ್ಬಳು ಪಟ್ಟದ ಹೆಂಡ್ತಿ, ಉಳಿದೋರು ಇಟ್ಕೊಂಡೋರು. ಮಿಂಗ್‌ಲಾನ್ ಆರನೇ ಮಗಳು, ಇಟ್ಕೊಂಡೋಳಿಗೆ ಹುಟ್ಟಿದೋಳು. ಶುರುವಿನಲ್ಲೇ ಅವಳ ತಾಯಿಗೆ ಹೆರಿಗೆ ನೋವು ಬರುತ್ತೆ, ಮನೇಲಿ ಸೂಲಗಿತ್ತಿ ಇಲ್ಲ, ಇಲ್ಲದ ಹಾಗೆ ಮಾಡಿದಾರೆ, ಆ ಪುಟ್ಟ ಹುಡುಗಿ ವೈದ್ಯರನ್ನ ಕರ್ಕೊಂಡು ಬರೋಕೆ ಬೀದಿಗೆ ಓಡ್ತಾಳೆ. ತಾಯಿ ಉಳಿಯಲ್ಲ. ಹುಡುಗಿ ಅಳ್ತಾ ಕೂಗೋ ಪದ "ಶ್ಯಾವ್‌ನ್ಯಾಂಗ್". ಶ್ಯಾವ್ ಅಂದ್ರೆ ಚಿಕ್ಕ, ನ್ಯಾಂಗ್ ಅಂದ್ರೆ ಅಮ್ಮ. ನಾನು ಹಾಗೇ ಹೇಳಿದೆ, ಚಿಕ್ಕಮ್ಮ ಅಂತಿದಾಳೆ ಅಂತ.

"ಹೆತ್ತೋಳನ್ನ ಚಿಕ್ಕಮ್ಮ ಅಂತಾಳಾ?"

ಹೂಂ, ಅವರಲ್ಲಿ ಹಾಗೇ, ಅಪ್ಪನ ಪಟ್ಟದ ಹೆಂಡ್ತಿ ಮಾತ್ರ ಅಮ್ಮ, ಹೆತ್ತೋಳು ಚಿಕ್ಕವಳು. ಅಮ್ಮ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಹೇಳಿದ್ರು, "ನಾನೂ ನಮ್ಮಮ್ಮನ್ನ ಅಕ್ಕ ಅಂತಾನೇ ಕರೀತಿದ್ದೆ. ಚಿಕ್ಕಪ್ಪಂದಿರು, ಅತ್ತೆಯಂದಿರು ಎಲ್ಲ ಅಕ್ಕ ಅಂತಿದ್ರಲ್ಲ, ನಮಗೂ ಅದೇ ಬಾಯಿಗೆ ಬಂತು. ಆದ್ರೆ ಅಮ್ಮ ಅನ್ಬೇಡ ಅಂತ ಯಾರೂ ಅಂದಿರ್ಲಿಲ್ಲ." ನನ್ನಜ್ಜಿಯನ್ನ ಅಮ್ಮ ಅಕ್ಕ ಅಂತಿದ್ರು ಅನ್ನೋದು ನಂಗೆ ಗೊತ್ತಿತ್ತು, ಯಾಕೆ ಅಂತ ಯಾವತ್ತೂ ಕೇಳಿರ್ಲಿಲ್ಲ. ಅವತ್ತು ಎರಡನೇ ಎಪಿಸೋಡು ಹಾಕ್ಲೇ ಇಲ್ಲ, ರಾತ್ರಿ ಹನ್ನೊಂದರ ತನಕ ಆ ತುಂಬಿದ ಮನೆ ಕಥೆನೇ ಕೇಳ್ತಾ ಕೂತಿದ್ದೆ.

ಮದುವೆ ವಿಷಯದಲ್ಲಿ ಅಮ್ಮಂಗೂ ಆ ಸೀರಿಯಲ್ಲಿಗೂ ಜಗಳ ಆಯ್ತು. ಚೈನೀಸಲ್ಲಿ ಅಪ್ಪನ ಅಣ್ಣತಮ್ಮಂದಿರ ಮಕ್ಕಳು "ಥಾಂಗ್", ಒಂದೇ ಮನೆತನ, ಮದುವೆ ಇಲ್ಲ. ಅತ್ತೆ ಮಕ್ಕಳು, ಮಾವನ ಮಕ್ಕಳು "ಬ್ಯಾವ್", ಆ ಕಾಲದಲ್ಲಿ ಮದುವೆ ಮಾಡ್ಕೋಬಹುದಿತ್ತು. ಇಲ್ಲೀತನಕ ನಮ್ಮ ಹಾಗೇ ಅಂತ ಅಮ್ಮ ತಲೆ ಆಡಿಸಿದ್ರು. ಆದ್ರೆ ತಾಯಿಯ ಅಕ್ಕತಂಗಿಯರ ಮಕ್ಕಳೂ ಅವರಿಗೆ ಬ್ಯಾವ್‌ನಲ್ಲೇ ಬರ್ತಾರೆ. ಮಿಂಗ್‌ಲಾನ್‌ಗೆ ನೋಡಿದ್ದ ಡಾಕ್ಟರ್ ಹುಡುಗನಿಗೆ ಅವನ ದೊಡ್ಡಮ್ಮನೋ ಚಿಕ್ಕಮ್ಮನೋ ತನ್ನ ಮಗಳನ್ನೇ ಗಂಟುಹಾಕೋಕೆ ನೋಡ್ತಾಳೆ. "ಥೂ, ತಂಗಿ ಆಗ್ಬೇಕಲ್ಲೇ ಅವಳು!" ಅಂತ ಅಮ್ಮ ಮಂಚದ ಮೇಲೆ ಎದ್ದೇ ಕೂತ್ರು. ಇದೆಲ್ಲ ಈಗ ಚೀನಾದಲ್ಲೂ ಇಲ್ಲ, 1980ರ ಮದುವೆ ಕಾನೂನು ಬಂದ ಮೇಲೆ ಅತ್ತೆ ಮಾವನ ಮಕ್ಕಳ ಮದುವೆನೂ ನಿಂತಿದೆ. ಅದನ್ನ ಹೇಳಿದ ಮೇಲೆ ಸಮಾಧಾನ ಆಯ್ತು.

ಇನ್ನು ಕ್ಯಾಮೆರಾ, ಸೆಟ್ಟು, ಬಟ್ಟೆ ಬಗ್ಗೆ ನಾನು ಹೆಚ್ಚು ಹೇಳಲ್ಲ, ಅದು ಕಣ್ಣಿಗೇ ಕಾಣುತ್ತೆ. ಇಷ್ಟು ಮಾತ್ರ, ಬೇರೆ ಬೇರೆ ಸೀರಿಯಲ್ಲಲ್ಲಿ ಅದೇ ಅಂಗಳ, ಅದೇ ಮೆಟ್ಟಿಲು ಕಂಡ್ರೆ ಆಶ್ಚರ್ಯ ಬೇಡ, ಜೆಜಿಯಾಂಗ್ ಪ್ರಾಂತ್ಯದ ಹೆಂಗ್‌ಡ್ಯಾನ್ ಅನ್ನೋ ಊರಲ್ಲಿ ಬೀಜಿಂಗ್ ಅರಮನೆಯ ಥರದ್ದೇ ಒಂದು ಅರಮನೆ ಕಟ್ಟಿಟ್ಟಿದಾರೆ, ಎಷ್ಟೋ ಶೂಟಿಂಗು ಅಲ್ಲೇ.

ಪ್ಲಾಸ್ಟರ್ ತೆಗೆದ ಮೇಲೂ ನಮ್ಮ ನೋಡೋದು ನಿಲ್ಲಲಿಲ್ಲ, ನಾನು ಬಿಟ್ಟಿದ್ದ ನಿರ್ವಾಣ ಇನ್ ಫೈರನ್ನ ಮೊದಲಿಂದ ಹಾಕಿದೆ. (ನೋಡದೇ ಇರೋರು ಇಲ್ಲಿಂದ ಮುಂದೆ ಓದ್ಬೇಡಿ, ನಿಮಗೋಸ್ಕರ ಹೇಳ್ತಿದೀನಿ.) 70 ಸಾವಿರ ಸೈನಿಕರ ಒಂದು ದಂಡನ್ನ ದೇಶದ್ರೋಹದ ಸುಳ್ಳು ಆರೋಪ ಹೊರಿಸಿ ಕೊಂದಿರ್ತಾರೆ, ಅದರಲ್ಲಿ ಬದುಕಿ ಉಳಿದ ಸೇನಾಪತಿ ಮಗ ಲಿನ್ ಶು ವರ್ಷಗಳ ನಂತರ ಮುಖ, ಹೆಸರು ಎಲ್ಲ ಬದಲಾಗಿ, ಮೇ ಚಾಂಗ್‌ಸು ಅಂತ ರೋಗಿಷ್ಠ ಪಂಡಿತನಾಗಿ ರಾಜಧಾನಿಗೆ ಬರ್ತಾನೆ. ಜೀವದ ಗೆಳೆಯ ರಾಜಕುಮಾರ ಜಿಂಗ್‌ಯಾನ್‌ಗೇ ಗುರುತು ಸಿಗಲ್ಲ. ಗುರುತು ಸಿಗೋದು ಜಿಂಗ್‌ಯಾನ್ ತಾಯಿಗೆ. ಮೇ ಚಾಂಗ್‌ಸು ಟಿಪ್ಪಣಿ ಬರೆದಿರೋ ಒಂದು ಪ್ರವಾಸದ ಪುಸ್ತಕ ಅವಳ ಕೈಗೆ ಬರುತ್ತೆ, ಅದ್ರಲ್ಲಿ ಕೆಲವು ಅಕ್ಷರಕ್ಕೆ ಒಂದು ಗೀಟು ಕಮ್ಮಿ. ಅದು ಅವನ ತಾಯಿ ಹೆಸರಿನ ಅಕ್ಷರ, ಹೆತ್ತವರ ಹೆಸರನ್ನ ಪೂರ್ತಿ ಬರೀಬಾರದು ಅನ್ನೋ ಮರ್ಯಾದೆ. ಇದನ್ನ ಹೇಳಿದಾಗ ಅಮ್ಮ, "ನಮ್ಮಕ್ಕ ಸಾಯೋ ತನಕ ಅಪ್ಪನ ಹೆಸರು ಹೇಳ್ಲಿಲ್ಲ, ರೇಷನ್ ಅಂಗಡೀಲಿ ಕೇಳಿದ್ರೂ ನನ್ನನ್ನ ಮುಂದೆ ತಳ್ತಿದ್ರು" ಅಂದ್ರು.

ಆಮೇಲೆ ಆ ತಾಯಿ ಎರಡು ಡಬ್ಬಿ ತಿಂಡಿ ಕಳಿಸ್ತಾಳೆ, ಒಂದು ಮಗನಿಗೆ, ಒಂದು ಮೇ ಚಾಂಗ್‌ಸುಗೆ. ಮಗನ ಡಬ್ಬೀಲಿ ಹೇಜಲ್‌ನಟ್ ಹಾಕಿದ ತಿಂಡಿ ಇದೆ, ಇವನ ಡಬ್ಬೀಲಿ ಇಲ್ಲ. ನಾನಿನ್ನೂ ಸಬ್‌ಟೈಟಲ್ ಓದ್ತಾ ಇದೀನಿ, ಅಮ್ಮ ನನ್ನ ತೊಡೆ ಮೇಲೆ ಪಟ್ ಅಂತ ಹೊಡೆದು, "ಗೊತ್ತಾಗ್ಹೋಗಿದೆ ಕಣೇ ಅವಳಿಗೆ! ಆ ಹುಡುಗನಿಗೆ ಅದು ಆಗ್ಬರಲ್ಲ, ಚಿಕ್ಕೋನಿದ್ದಾಗ ತಿಂದು ಏನೋ ಆಗಿರುತ್ತೆ ನೋಡು" ಅಂದ್ರು. ಹಾಗೇ ಆಗಿತ್ತು.

ಅವತ್ತೇ ಕ್ಯಾಲೆಂಡರ್ ಹಾಳೆ ತರಿಸ್ಕೊಂಡ್ರು. ಲಿನ್ ಶು ತಾಯಿ ದೊರೆಯ ತಂಗಿ ಅಂತ ಹಿಂದೆ ಎಲ್ಲೋ ಬಂದಿತ್ತು, ನಾನು ಕಸಿನ್ ಅಂತ ಬರ್ಕೊಂಡು ಸುಮ್ಮನಾಗಿದ್ದೆ. ಅಮ್ಮ ಅದನ್ನ ರಬ್ಬರಲ್ಲಿ ಉಜ್ಜಿ, ಜಿಂಗ್‌ಯಾನ್‌ಗೂ ಲಿನ್ ಶುಗೂ ಮಧ್ಯೆ ಗೆರೆ ಎಳೆದು, ಮೇಲೆ ದಪ್ಪಕ್ಷರದಲ್ಲಿ "ಅತ್ತೆ ಮಗ" ಅಂತ ಬರೆದ್ರು.