2023ರ ಕನ್ನಡ ಸಿನಿಮಾಗಳನ್ನು ನಾನು ಸಾಲಾಗಿ ನಿಲ್ಲಿಸಿದ್ದು ಹೀಗೆ

ಸೆಪ್ಟೆಂಬರ್ 1ರ ರಾತ್ರಿ ನನ್ನ ನೋಟ್‌ಬುಕ್‌ನಲ್ಲಿ ‘ಸಪ್ತ ಸಾಗರದಾಚೆ ಎಲ್ಲೋ - ಸೈಡ್ ಎ’ ಎದುರು ಹತ್ತಕ್ಕೆ ಒಂಬತ್ತೂವರೆ ಅಂತ ಬರೆದಿದ್ದೇನೆ. ಪಕ್ಕದಲ್ಲಿ ‘ಈ ವರ್ಷಕ್ಕೆ ಇಷ್ಟು ಸಾಕು, ಇನ್ನು ಬೇರೆ ಬೇಡ’ ಅಂತ ಒಂದು ಸಾಲೂ ಇದೆ. ಮುಂದಿನ ಜನವರಿ ಕೊನೆಗೆ ಪಟ್ಟಿ ಮುಗಿದಾಗ ಆ ಸಿನಿಮಾ ಎರಡನೇ ಜಾಗದಲ್ಲಿತ್ತು. ಮೊದಲ ಜಾಗಕ್ಕೆ ಬಂದು ಕೂತದ್ದಕ್ಕೆ ನಾನು ನೋಡಿದ ರಾತ್ರಿ ಕೊಟ್ಟಿದ್ದು ಬರೀ ಏಳು.

ಇದು ಹೇಗಾಯಿತು ಅಂತ ಹೇಳಬೇಕು.

ನಾವು ಐದು ಜನ ಗೆಳೆಯರು. ಪ್ರತಿ ವರ್ಷ ತಲಾ ಒಂದು ಪಟ್ಟಿ ಮಾಡಿ ತರುತ್ತೇವೆ. ಒಂದು ಸಂಜೆ ಕೂತು ಜಗಳ ಆಡುತ್ತೇವೆ. ಬಹುಮಾನ ಗಿಹುಮಾನ ಏನೂ ಇಲ್ಲ. ಮೊದಲೆಲ್ಲ ನಾನು ಡಿಸೆಂಬರ್ ಕೊನೆಯ ವಾರ ಕೂತು ನೆನಪಿಗೆ ಬಂದದ್ದನ್ನು ಗೀಚಿ ತಗೊಂಡು ಹೋಗುತ್ತಿದ್ದೆ. ಹಾಗೆ ಮಾಡಿದಾಗ ಏನಾಗುತ್ತೆ ಗೊತ್ತಾ? ನವೆಂಬರ್, ಡಿಸೆಂಬರ್ ಸಿನಿಮಾಗಳೇ ಮೇಲೆ ತುಂಬಿಕೊಳ್ಳುತ್ತವೆ. ಫೆಬ್ರವರಿಯಲ್ಲಿ ಬಂದ ಪಾಪದ ಸಿನಿಮಾ ನೆನಪಿಗೇ ಬರುವುದಿಲ್ಲ. ‘ನಿಂದು ವರ್ಷದ ಪಟ್ಟಿ ಅಲ್ಲ ಮಾರಾಯ, ಎರಡು ತಿಂಗಳ ಪಟ್ಟಿ’ ಅಂತ ಒಬ್ಬ ರೇಗಿಸಿದ. ಅದು ಚುಚ್ಚಿತು. 2023ರ ಜನವರಿಯಲ್ಲೇ ನೋಟ್‌ಬುಕ್ ತಗೊಂಡೆ.

ಮೊದಲು ಬೇಲಿ ಹಾಕಿಕೊಂಡೆ. ಕನ್ನಡದಲ್ಲೇ ತೆಗೆದ ಸಿನಿಮಾ ಮಾತ್ರ, ಡಬ್ಬಿಂಗ್ ಇಲ್ಲ. ವರ್ಷ ಅಂದರೆ ಇಲ್ಲಿನ ಥಿಯೇಟರಿಗೆ ಬಂದ ದಿನ. ಈ ಎರಡನೇ ನಿಯಮ ಸುಮ್ನೆ ಬರೆದದ್ದಲ್ಲ. ಪೃಥ್ವಿ ಕೊಣನೂರು ಅವರ ‘ಪಿಂಕಿ ಎಲ್ಲಿ?’ ಬೂಸಾನ್ ಚಿತ್ರೋತ್ಸವದಲ್ಲಿ ತೋರಿಸಿದ್ದು 2020ರಲ್ಲಿ. ನಮ್ಮ ಥಿಯೇಟರಿಗೆ ಬಂದದ್ದು 2023ರ ಜೂನ್ 2ಕ್ಕೆ. ಚಿತ್ರೋತ್ಸವದ ಲೆಕ್ಕ ಹಿಡಿದರೆ ಅದು ಹಳೇ ಸಿನಿಮಾ. ಆದರೆ ಟಿಕೆಟ್ ತಗೊಂಡು ನೋಡುವ ನನ್ನಂಥವನಿಗೆ ಅದು ಆ ದಿನ ತಾನೇ ಹುಟ್ಟಿದ್ದು, ಅಲ್ವಾ?

ಆ ವರ್ಷ ಕನ್ನಡದಲ್ಲಿ ಇನ್ನೂರಕ್ಕೂ ಹೆಚ್ಚು ಸಿನಿಮಾ ಬಂದವು. ಶುಕ್ರವಾರಗಳು ಇದ್ದದ್ದು ಐವತ್ತೆರಡು. ಅಂದರೆ ವಾರಕ್ಕೆ ಸರಾಸರಿ ನಾಲ್ಕು. ನಾನು ನೋಡಿದ್ದು ಮೂವತ್ನಾಲ್ಕು. ಹಾಗಾಗಿ ಪಟ್ಟಿಯ ತಲೆಬರಹವನ್ನೇ ‘ನಾನು ನೋಡಿದ ಮೂವತ್ನಾಲ್ಕರಲ್ಲಿ’ ಅಂತ ಬದಲಾಯಿಸಿದೆ. ಉಳಿದವನ್ನು ನೋಡದೆ ‘ವರ್ಷದ ಅತ್ಯುತ್ತಮ’ ಅಂತ ಹಾಕುವುದಕ್ಕೆ ಮನಸ್ಸು ಒಪ್ಪಲಿಲ್ಲ. ನೋಡಬೇಕು ಅಂತ ಹೋಗಿ ನೋಡಲಾಗದ್ದೂ ಇವೆ. ಒಂದು ಚಿಕ್ಕ ಸಿನಿಮಾಗೆ ಸೋಮವಾರ ಸಂಜೆ ಹೋದರೆ ಕೌಂಟರ್‌ನಲ್ಲಿದ್ದವರು ‘ಹತ್ತು ಜನ ಆದ್ರೆ ಶೋ ಹಾಕ್ತೀವಿ’ ಅಂದರು. ಅರ್ಧ ಗಂಟೆ ಕಾದೆವು. ಮೂರು ಜನ ಆದೆವು. ದುಡ್ಡು ವಾಪಸ್ ಕೊಟ್ಟು ಕಳಿಸಿದರು. ಆ ವಾರ ಕಳೆಯುವುದರೊಳಗೆ ಪೋಸ್ಟರೂ ಹೋಯಿತು.

ನೋಟ್‌ಬುಕ್‌ನಲ್ಲಿ ಮೊದಲ ಕಾಲಂ ‘ರಾತ್ರಿಯ ಮಾರ್ಕು’. ನೋಡಿ ಬಂದ ದಿನವೇ ಹತ್ತಕ್ಕೆ ಎಷ್ಟು ಅಂತ ಬರೆಯುವುದು. ಜೂನ್ ಹೊತ್ತಿಗೇ ಇದರ ಬಣ್ಣ ಬಯಲಾಯಿತು. ನೋಡಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಿನಿಮಾಗಳಿಗೆ ಏಳು ಇಲ್ಲಾ ಏಳೂವರೆ ಕೊಟ್ಟಿದ್ದೆ. ಆರು ಕೊಟ್ಟರೆ ಅವಮಾನ ಮಾಡಿದ ಹಾಗೆ, ಎಂಟು ಕೊಟ್ಟರೆ ಜಾಸ್ತಿಯಾಯಿತೇನೋ ಅನ್ನುವ ಅಂಜಿಕೆ. ಅಷ್ಟೇ ಅಲ್ಲ, ರಾತ್ರಿಯ ಮಾರ್ಕಿನಲ್ಲಿ ಸಿನಿಮಾ ಬಿಟ್ಟು ಬೇರೆ ಏನೇನೋ ಸೇರಿಕೊಂಡಿತ್ತು. ದೊಡ್ಡ ಸ್ಟಾರ್ ಸಿನಿಮಾವನ್ನು ಮೊದಲ ದಿನ ಮೊದಲ ಶೋ ನೋಡಿದರೆ ಶಿಳ್ಳೆಗೇ ಒಂದು ಮಾರ್ಕು ಹೋಗುತ್ತೆ. ಅಂಥ ಒಂದಕ್ಕೆ, ಹೆಸರು ಬೇಡ ಬಿಡಿ, ಎಂಟು ಕೊಟ್ಟಿದ್ದೆ. ಇನ್ನೊಂದು ಸಲ ಥಿಯೇಟರಿನ ಎಡಗಡೆ ಸ್ಪೀಕರ್ ಗೊರಗೊರ ಅನ್ನುತ್ತಿತ್ತು. ಮಾತು ಅರ್ಧಂಬರ್ಧ ಕೇಳಿಸಿತು. ಆ ಸಿಟ್ಟನ್ನೆಲ್ಲ ಸಿನಿಮಾ ಮೇಲೆ ತೀರಿಸಿಕೊಂಡು ಐದು ಕೊಟ್ಟು ಮಲಗಿದ್ದೆ.

ಆ ಐದು ಬಿದ್ದದ್ದು ‘ಆಚಾರ್ ಅಂಡ್ ಕೋ’ಗೆ. ಒಂದೆರಡು ತಿಂಗಳ ಮೇಲೆ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಮತ್ತೆ ನೋಡಿದೆ. ಸಿಂಧು ಶ್ರೀನಿವಾಸ ಮೂರ್ತಿ ಅವರದೇ ನಿರ್ದೇಶನ, ಮುಖ್ಯ ಪಾತ್ರವೂ ಅವರದೇ. ಅರವತ್ತರ ದಶಕದ ಬೆಂಗಳೂರು, ಮಕ್ಕಳು ತುಂಬಿದ ಮನೆ, ಆ ಮನೆಯ ಮಾತಿನ ಧಾಟಿ, ಬಿಂದುಮಾಲಿನಿ ಅವರ ಸಂಗೀತ. ಇದನ್ನೆಲ್ಲ ನಾನು ಆ ಸ್ಪೀಕರ್ ದೆಸೆಯಿಂದ ಕಳೆದುಕೊಂಡಿದ್ದೆ! ಅವತ್ತೇ ಒಂದು ನಿಯಮ ಸೇರಿಸಿದೆ: ಸೌಂಡು, ಪರದೆ, ತಲೆನೋವು ಇವುಗಳಲ್ಲಿ ಯಾವುದೋ ಕೈಕೊಟ್ಟಿದ್ದರೆ ಇನ್ನೊಮ್ಮೆ ನೋಡದೆ ಪಟ್ಟಿಗೆ ಸೇರಿಸಬಾರದು.

ಎರಡನೇ ಕಾಲಂ ಹುಟ್ಟಿದ್ದು ಆಮೇಲೆ. ನೋಡಿ ಮೂರು ತಿಂಗಳಾದ ಮೇಲೆ, ಹಿಂದೆ ಬರೆದದ್ದನ್ನು ತಿರುಗಿಸಿ ನೋಡದೆ, ಸಿನಿಮಾದ ಹೆಸರು ಬರೆದು ಒಂದು ನಿಮಿಷದಲ್ಲಿ ನೆನಪಾದದ್ದನ್ನೆಲ್ಲ ಗೀಚುವುದು. ಇಡೀ ನೋಟ್‌ಬುಕ್‌ನಲ್ಲಿ ಕೆಲಸಕ್ಕೆ ಬಂದದ್ದು ಈ ಕಾಲಮ್ಮೇ. ಎಂಟು ಕೊಟ್ಟ ಆ ಸ್ಟಾರ್ ಸಿನಿಮಾ ಎದುರು ನಾನು ಬರೆದದ್ದು ಇಷ್ಟು: ‘ಎಂಟ್ರಿ. ಕಾರು. ತುಂಬ ಗಲಾಟೆ.’ ನಿಮಿಷ ಮುಗಿಯಲು ಇನ್ನೂ ನಲವತ್ತು ಸೆಕೆಂಡ್ ಇತ್ತು.

‘ಪಿಂಕಿ ಎಲ್ಲಿ?’ಗೆ ಜೂನ್ ರಾತ್ರಿ ಏಳು ಕೊಟ್ಟು ‘ಭಾರ. ನಿಧಾನ.’ ಅಂತ ಬರೆದಿದ್ದೆ. ಕಥೆ ಹೇಳಿದರೆ ಎರಡು ಸಾಲು. ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ, ನೋಡಿಕೊಳ್ಳುವ ಹೆಂಗಸು ಮಗುವನ್ನು ಭಿಕ್ಷೆ ಬೇಡುವವರಿಗೆ ಬಾಡಿಗೆಗೆ ಕೊಡುತ್ತಾಳೆ. ಒಂದು ದಿನ ಮಗು ವಾಪಸ್ ಬರುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಎರಡನೇ ಕಾಲಂ ತುಂಬಲು ಕೂತರೆ ನಿಮಿಷ ಸಾಲಲಿಲ್ಲ. ಅಕ್ಷತಾ ಪಾಂಡವಪುರ ಅವರ ಮುಖ, ಹುಡುಕಾಟದ ನಡುವೆ ಹೊರಬೀಳುವ ಗಂಡ ಹೆಂಡತಿಯ ಬಿರುಕು, ಪ್ರತಿಯೊಬ್ಬರೂ ತಮ್ಮ ತಮ್ಮ ಲೆಕ್ಕ ನೋಡಿಕೊಳ್ಳುವ ರೀತಿ, ಎಲ್ಲ ಒಂದರ ಹಿಂದೆ ಒಂದು ಬಂತು. ಪುಟದ ಅಂಚಿನಲ್ಲೆಲ್ಲ ಬರೆದೆ. ಆ ಹೊತ್ತಿಗಾಗಲೇ ಟ್ರಾಫಿಕ್ ಸಿಗ್ನಲ್‌ನಲ್ಲಿ ಮಗು ಎತ್ತಿಕೊಂಡು ಬರುವವರನ್ನು ಕಂಡರೆ ನನ್ನ ಕಣ್ಣು ಮೊದಲು ಮಗುವಿನ ಕಡೆ ಹೋಗುವುದಕ್ಕೆ ಶುರುವಾಗಿತ್ತು. ಹಾಗಂತ ಸಿನಿಮಾ ನೋಡಿ ನಾನೇನೂ ದೊಡ್ಡ ಮನುಷ್ಯ ಆಗಲಿಲ್ಲ. ಹಸಿರು ಬಿದ್ದ ತಕ್ಷಣ ಎಲ್ಲರ ಹಾಗೆ ಗಾಡಿ ಎಳೆದುಕೊಂಡು ಹೋಗುತ್ತಿದ್ದೆ. ಆದರೂ ನೋಟ ಬದಲಾಗಿತ್ತು. ಬೇರೆ ಮೂವತ್ಮೂರರಲ್ಲಿ ಯಾವುದೂ ಈ ಕೆಲಸ ಮಾಡಿರಲಿಲ್ಲ.

ಸರಿ, ಎರಡು ಕಾಲಂ ಆಯಿತು. ಸಾಲು ಮಾಡುವುದು ಹೇಗೆ? ಎರಡನೇ ಕಾಲಮ್ಮಿಗೂ ಮಾರ್ಕು ಹಾಕಿ, ಎರಡನ್ನೂ ಕೂಡಿ ಭಾಗಿಸಿ ನೋಡಿದೆ. ಬಂದ ಪಟ್ಟಿ ಯಾರದೋ ಬೇರೆಯವರದ್ದು ಅನ್ನಿಸಿತು. ಹರಿದು ಹಾಕಿದೆ. ಆಮೇಲೆ ಮಾಡಿದ್ದು ಎರಡೆರಡನ್ನು ಎದುರು ಬದುರು ನಿಲ್ಲಿಸುವುದು. ಪ್ರಶ್ನೆ ಒಂದೇ: ಇವತ್ತು ರಾತ್ರಿ ಇವೆರಡರಲ್ಲಿ ಒಂದನ್ನು ಮಾತ್ರ ಮತ್ತೆ ನೋಡಬಹುದು ಅಂದರೆ ಯಾವುದು? ಮೂವತ್ನಾಲ್ಕನ್ನೂ ಒಂದಕ್ಕೊಂದು ಹೀಗೆ ಹೋಲಿಸಿದರೆ 561 ಜೋಡಿ ಆಗುತ್ತೆ. ಅಷ್ಟು ತಾಳ್ಮೆ ಯಾರಿಗಿದೆ? ಅದಕ್ಕೊಂದು ಅಡ್ಡದಾರಿ ಇದೆ. ಹೊಸ ಸಿನಿಮಾವನ್ನು ಮೊದಲು ಸಾಲಿನ ನಟ್ಟನಡುವಿನ ಸಿನಿಮಾ ಜೊತೆ ಹೋಲಿಸಿ. ಗೆದ್ದರೆ ಮೇಲಿನ ಅರ್ಧದ ನಡುವಿನದಕ್ಕೆ ಹೋಗಿ, ಸೋತರೆ ಕೆಳಗಿನ ಅರ್ಧಕ್ಕೆ. ಐದಾರು ಪ್ರಶ್ನೆಗೆ ಅದರ ಜಾಗ ಸಿಕ್ಕಿಬಿಡುತ್ತೆ. ಇಸ್ಪೀಟ್ ಎಲೆಗಳ ಹಾಗೆ ಒಂದೊಂದು ಚೀಟಿಯಲ್ಲಿ ಒಂದೊಂದು ಹೆಸರು ಬರೆದು ನೆಲದ ಮೇಲೆ ಹರಡಿಕೊಂಡೆ. ಫ್ಯಾನ್ ಹಾಕುವ ಹಾಗಿಲ್ಲ, ಅಷ್ಟೇ ಕಷ್ಟ.

ಜಾಸ್ತಿ ತಲೆ ತಿಂದದ್ದು ಮೂರು ಚೀಟಿ. ‘ಡೇರ್‌ಡೆವಿಲ್ ಮುಸ್ತಾಫಾ’, ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’, ಆಮೇಲೆ ಅದೇ ‘ಆಚಾರ್’. ಮುಸ್ತಾಫಾಗಿಂತ ಹಾಸ್ಟೆಲ್ ಹುಡುಗರನ್ನು ಮತ್ತೆ ನೋಡುತ್ತೇನೆ. ಹಾಸ್ಟೆಲ್‌ಗಿಂತ ಆಚಾರ್. ಆಚಾರ್‌ಗಿಂತ ಮುಸ್ತಾಫಾ! ಗಾಣದೆತ್ತಿನ ಹಾಗೆ ಮೂರೂ ಸುತ್ತುತ್ತವೆ. ಮೂರು ದಿನ ಬಿಟ್ಟು ಕೇಳಿಕೊಂಡರೂ ಅದೇ ಉತ್ತರ.

ಯಾಕೆ ಅಂತ ಯೋಚಿಸಿದೆ. ‘ಮುಸ್ತಾಫಾ’ ತೇಜಸ್ವಿ ಅವರ ಕಥೆ. ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿದೆ. ಅವರ ಓದುಗರೇ ಹಣ ಕೂಡಿಸಿ ತೆಗೆದ ಸಿನಿಮಾ, ಶಶಾಂಕ್ ಸೋಗಾಲ್ ನಿರ್ದೇಶನ. ನಾನು ಕಾಲೇಜಿನಲ್ಲಿ ಆ ಕಥೆ ಓದಿ ನಕ್ಕಿದ್ದೆ. ಸಿನಿಮಾ ನೋಡುವಾಗ ಆ ನಗುವೂ ಜೊತೆಗೆ ಬಂದು ಕೂತಿತ್ತು. ‘ಹಾಸ್ಟೆಲ್’ ಬೇರೆಯೇ ಜಾತಿ. ನಿತಿನ್ ಕೃಷ್ಣಮೂರ್ತಿ ಒಂದೇ ರಾತ್ರಿಯ ಕಥೆ ಹಿಡಿದು, ವಾರ್ಡನ್ ಹೆಣ ಇಟ್ಟುಕೊಂಡು, ಹೊಸ ಹುಡುಗರ ದಂಡಿನ ಜೊತೆ ಕ್ಯಾಮೆರಾವನ್ನೂ ಕಾರಿಡಾರ್ ತುಂಬ ಓಡಿಸುತ್ತಾರೆ. ಅದನ್ನು ನೋಡಲು ಗೆಳೆಯರು ಬೇಕು, ಗದ್ದಲ ಬೇಕು. ‘ಆಚಾರ್’ ಅಮ್ಮನ ಜೊತೆ ನೋಡುವ ಸಿನಿಮಾ. ಅಂದರೆ ‘ಇವತ್ತು ರಾತ್ರಿ ಯಾವುದು’ ಅನ್ನುವ ನನ್ನ ಪ್ರಶ್ನೆಯಲ್ಲೇ ತೂತು ಇತ್ತು. ಯಾರ ಜೊತೆ ಅಂತ ಅದು ಕೇಳುತ್ತಲೇ ಇರಲಿಲ್ಲ. ‘ಒಬ್ಬನೇ ಇದ್ದರೆ’ ಅಂತ ಸೇರಿಸಿದೆ. ಮುಸ್ತಾಫಾ ಮೂರು, ಆಚಾರ್ ನಾಲ್ಕು, ಹಾಸ್ಟೆಲ್ ಐದು ಅಂತ ನಿಂತವು. ಹಾಸ್ಟೆಲ್‌ಗೆ ಇದರಿಂದ ಮೋಸ ಆಯಿತು, ಒಪ್ಪುತ್ತೇನೆ.

ಆರನೇದು ‘ಸ್ವಾತಿ ಮುತ್ತಿನ ಮಳೆ ಹನಿಯೇ’. ಕಡಿಮೆ ಮಾತಿನ ಸಿನಿಮಾ. ಸಿರಿ ರವಿಕುಮಾರ್ ಸುಮ್ಮನೆ ನಿಂತರೂ ನೋಡುತ್ತಾ ಇರಬಹುದು. ರಾಜ್ ಬಿ. ಶೆಟ್ಟಿ ಅವರ ಕವಿತೆಯಂಥ ಮಾತು ಕೆಲವು ಕಡೆ ನನಗೆ ಅತಿಯಾಯಿತು. ಏಳನೇದು ‘ಟಗರು ಪಲ್ಯ’. ಹರಕೆಗೆ ತಂದ ಟಗರು ಮೈ ಕೊಡವಿದರೆ ದೇವರು ಒಪ್ಪಿದ ಹಾಗೆ; ಅದು ಕೊಡವದೆ ಹಟ ಹಿಡಿದು ನಿಲ್ಲುವುದನ್ನೇ ಇಡೀ ಸಿನಿಮಾ ಮಾಡಿದ್ದಾರಲ್ಲ, ಆ ಧೈರ್ಯಕ್ಕೆ.

‘ಸಪ್ತ ಸಾಗರದಾಚೆ ಎಲ್ಲೋ’ ಸಿನಿಮಾದ ಸೈಡ್ ಎ ಮತ್ತು ಸೈಡ್ ಬಿ ಒಂದೇ ಸಿನಿಮಾವೋ ಎರಡೋ ಅನ್ನುವ ಜಗಳ ನಮ್ಮ ಗುಂಪಿನಲ್ಲಿ ಒಂದು ತಿಂಗಳು ನಡೆಯಿತು. ಹೇಮಂತ್ ರಾವ್ ಬರೆದದ್ದು ಒಂದೇ ಕಥೆ, ನಿಜ. ಆದರೆ ನಾನು ಎರಡು ಟಿಕೆಟ್ ತಗೊಂಡಿದ್ದೇನೆ, ಎರಡು ಸಲ ಎದ್ದು ಮನೆಗೆ ಬಂದಿದ್ದೇನೆ. ಹಾಗಾಗಿ ಎರಡು ಚೀಟಿ. ಸೈಡ್ ಬಿ ಮೊದಲು ಅಕ್ಟೋಬರ್‌ಗೆ ಅಂದಿದ್ದರು, ಬಂದದ್ದು ನವೆಂಬರ್ 17ಕ್ಕೆ. ನಡುವೆ ಹನ್ನೊಂದು ವಾರ. ಆ ಹನ್ನೊಂದು ವಾರ ಚರಣ್ ರಾಜ್ ಹಾಡುಗಳನ್ನು ಕೇಳುತ್ತಾ ನಾನೇ ತಲೆಯಲ್ಲಿ ಒಂದು ಸೈಡ್ ಬಿ ತೆಗೆದುಬಿಟ್ಟಿದ್ದೆ. ನಾಯಕ ಮನು ನಾಯಕಿ ಪ್ರಿಯಾಳನ್ನು ಎಲ್ಲಿ ನೋಡುತ್ತಾನೆ, ಏನು ಹೇಳುತ್ತಾನೆ, ಎಲ್ಲಾ. ಪರದೆ ಮೇಲೆ ಬೇರೆ ಬಂದಾಗ ಸಿಟ್ಟಾದೆ. ತಪ್ಪು ಸಿನಿಮಾದ್ದಲ್ಲ ಅಂತ ಗೊತ್ತು. ಎರಡನೇ ಸಲ ನೋಡಿದಾಗ ಚೈತ್ರಾ ಆಚಾರ್ ಅಭಿನಯ ಸರಿಯಾಗಿ ಕಣ್ಣಿಗೆ ಬಿತ್ತು. ಆದರೂ ಒಂಬತ್ತನೇ ಜಾಗದಿಂದ ಮೇಲಕ್ಕೆ ಏರಿಸಲು ಕೈ ಬರಲಿಲ್ಲ.

ಎಂಟನೇದಕ್ಕಾಗಿ ಪಟ್ಟಿಯನ್ನೇ ಒಂದು ತಿಂಗಳು ಮುಂದೆ ಹಾಕಿದೆ. ‘ಕಾಟೇರ’ ಬಂದದ್ದು ಡಿಸೆಂಬರ್ 29ಕ್ಕೆ, ವರ್ಷದ ಕಟ್ಟಕಡೆಯ ಶುಕ್ರವಾರ. ಕ್ರಿಸ್‌ಮಸ್‌ಗೇ ಪಟ್ಟಿ ಮುಗಿಸಿದವರ ಪಾಲಿಗೆ ಅದು ಯಾವ ವರ್ಷಕ್ಕೂ ಸೇರದ ಸಿನಿಮಾ. ಇದರಲ್ಲಿ ನನ್ನದೊಂದು ಪಕ್ಷಪಾತವೂ ಇದೆ. ಉಳುವವನಿಗೇ ಭೂಮಿ ಅನ್ನುವ ಕಾನೂನಿನ ಕಥೆ ಅದು. 1974ರಲ್ಲಿ, ದೇವರಾಜ ಅರಸರ ಕಾಲದಲ್ಲಿ, ಭೂ ಸುಧಾರಣೆ ತಿದ್ದುಪಡಿ ಬಂದಾಗ ನನ್ನ ತಾತ ಗೇಣಿ ಜಮೀನು ತನ್ನ ಹೆಸರಿಗೆ ಮಾಡಿಕೊಡಿ ಅನ್ನುವ ಏಳನೇ ನಮೂನೆ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದ ಕಥೆ ಕೇಳಿಕೊಂಡೇ ಬೆಳೆದವನು ನಾನು. ಪರದೆ ಮೇಲೆ ಅರ್ಜಿ, ಒಡೆಯ, ಗೇಣಿ ಅನ್ನುವ ಮಾತು ಬಂದಾಗ ನಾನು ತರುಣ್ ಸುಧೀರ್ ಸಿನಿಮಾ ನೋಡುತ್ತಿದ್ದೆನೋ ತಾತನನ್ನೋ ಗೊತ್ತಾಗಲಿಲ್ಲ. ನೋಟ್‌ಬುಕ್‌ನಲ್ಲಿ ‘ತಾತನ ಮಾರ್ಕು ಸೇರಿ’ ಅಂತ ಬರೆದಿಟ್ಟೆ. ಅದನ್ನು ಕಳೆದರೆ ಹೊಡೆದಾಟಗಳು ಉದ್ದ ಆದವು, ಹನ್ನೆರಡಕ್ಕೆ ಇಳಿಯುತ್ತಿತ್ತು.

ಹತ್ತು ‘ಕೌಸಲ್ಯಾ ಸುಪ್ರಜಾ ರಾಮ’. ಅದರ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಇಷ್ಟ ಆಯಿತು. ಹನ್ನೊಂದರಿಂದ ಮೂವತ್ನಾಲ್ಕರವರೆಗೆ ಚೀಟಿ ಜೋಡಿಸಿದ್ದು ನಿಜ, ಆದರೆ ಇಪ್ಪತ್ತರ ಕೆಳಗೆ ಆ ಸಂಖ್ಯೆಗಳಿಗೆ ಅರ್ಥವಿಲ್ಲ. ಎರಡನ್ನೂ ಮತ್ತೆ ನೋಡಲು ಮನಸ್ಸಿಲ್ಲದಾಗ ಯಾವುದು ಮೇಲೆ ಅಂತ ಏನು ಕೇಳುವುದು? ಕೆಳಗಿನವುಗಳ ಹೆಸರನ್ನು ಗೆಳೆಯರ ಮುಂದೆಯೂ ಓದಲಿಲ್ಲ.

ಫೆಬ್ರವರಿಯ ಮೊದಲ ಭಾನುವಾರ ಕೂತೆವು. ‘ಪಿಂಕಿ ಎಲ್ಲಿ? ಒಂದು’ ಅಂತ ಓದಿದೆ. ಐವರಲ್ಲಿ ಇನ್ನೊಬ್ಬ ಮಾತ್ರ ಅದನ್ನು ನೋಡಿದ್ದ. ಅವನ ಪಟ್ಟಿಯಲ್ಲಿ ಅದು ಹದಿನಾರನೇದು. ‘ಭಾರ, ನಿಧಾನ’ ಅಂದ. ನಾನು ನೋಟ್‌ಬುಕ್ ತೆಗೆದು ಜೂನ್ 2ರ ಪುಟ ತೋರಿಸಿದೆ. ಅದೇ ಎರಡು ಪದ, ನನ್ನ ಕೈಬರಹದಲ್ಲಿ. ಅವನು ಓದಿ ನಕ್ಕ. ‘ಅಂದ್ರೆ ನೀನು ಸೆಪ್ಟೆಂಬರ್‌ವರೆಗೆ ಕಾಯಿ ಅಂತೀಯ?’ ಅಂತ ಕೇಳಿದ. ಅವನು ಅದನ್ನು ನೋಡಿ ಎರಡು ವಾರವಷ್ಟೇ ಆಗಿತ್ತು.

ಮೇ ತಿಂಗಳಲ್ಲಿ ಒಂದು ಮೆಸೇಜ್ ಬಂತು. ‘ಹದಿನಾರಲ್ಲ, ಆರು.’ ಮುಂದೆ ಇನ್ನೇನೂ ಇರಲಿಲ್ಲ.